ಮೊಳೆತ ಬೆಳ್ಳುಳ್ಳಿ ಬಿಸಾಡಬೇಡಿ: ಪದೇ ಪದೇ ಕೇಳುವ ಪ್ರಶ್ನೆಗಳು

ಹಾಸನ, ಬೇಲೂರು, ಸಕಲೇಶಪುರ, ಮೂಡಿಗೆರೆ, ಕಡೂರು ಕಡೆಯವರು ಎದುರಿಗೆ ಸಿಕ್ಕಾಗ ಕೇಳಿದ್ದು, ಕಾಗದ ಬರೆದು ಕೇಳಿದ್ದು ಎಲ್ಲ ಇಲ್ಲಿ ಸೇರಿಸಿದ್ದೇನೆ. ಮೊದಲು ಸುಲಭದ ಪ್ರಶ್ನೆಗಳಿವೆ. ಆಮೇಲೆ ಬೆಳೆಸುವುದು, ಅಡುಗೆ, ಆರೋಗ್ಯ. ಕೊನೆಗೆ ಜಾಸ್ತಿ ಬೆಳೆಯಲು ಹೊರಟವರ ಪ್ರಶ್ನೆಗಳು. ನಿಮಗೆ ಬೇಕಾದ್ದನ್ನು ಮಾತ್ರ ಓದಿಕೊಂಡರೂ ಸಾಕು.

ಶುರು ಮಾಡುವ ಮುಂಚೆ

ಮೊಳಕೆ ಬಂದ ಆಲೂಗಡ್ಡೆ ವಿಷ ಅಂತಾರೆ. ಹಾಗಾದ್ರೆ ಬೆಳ್ಳುಳ್ಳಿ?

ಹಾಸನ ಆಲೂಗಡ್ಡೆ ಸೀಮೆ ಅಲ್ವಾ, ಅದಕ್ಕೇ ಈ ಪ್ರಶ್ನೆ ಎಲ್ಲಕ್ಕಿಂತ ಜಾಸ್ತಿ ಬರುತ್ತದೆ. ಆಲೂಗಡ್ಡೆ ಹಸಿರಾದಾಗ, ಮೊಳೆತಾಗ ಅದರಲ್ಲಿ ಸೋಲನಿನ್, ಚಾಕೊನಿನ್ ಎಂಬ ವಿಷದ ಅಂಶ ಹೆಚ್ಚುತ್ತದೆ. ಆ ಭಯ ಸರಿಯಾದದ್ದೇ. ಆದರೆ ಬೆಳ್ಳುಳ್ಳಿ ಆಲೂಗಡ್ಡೆಯ ಜಾತಿಯಲ್ಲ, ಈರುಳ್ಳಿಯ ಜಾತಿ. ಆ ವಿಷ ಅದರಲ್ಲಿ ಇಲ್ಲ, ಮೊಳೆತ ಮೇಲೂ ಹುಟ್ಟುವುದಿಲ್ಲ. ಎಸಳಿನ ನಡುವೆ ಕಾಣುವ ಹಸಿರು ಕಡ್ಡಿ ಹೊಸ ಗಿಡದ ಎಲೆ, ಅಷ್ಟೇ. ಸ್ವಲ್ಪ ಕಹಿ ಇರಬಹುದು. ಮೊಳಕೆ ಬಂತೆಂದು ಬೆಳ್ಳುಳ್ಳಿ ಬಿಸಾಡಬೇಕಿಲ್ಲ. ಬಿಸಾಡಬೇಕಾದ್ದು ಮೆತ್ತಗಾದದ್ದು, ಬೂಷ್ಟು ಹಿಡಿದದ್ದು, ಕೆಟ್ಟ ವಾಸನೆ ಬರುವುದು.

ಮೊಳಕೆ, ಬೆಳ್ಳುಳ್ಳಿ ಸೊಪ್ಪು, ಹಸಿ ಬೆಳ್ಳುಳ್ಳಿ ಎಲ್ಲ ಒಂದೇನಾ?

ಗಿಡ ಒಂದೇ, ವಯಸ್ಸು ಬೇರೆ. ಎಸಳಿನ ತುದಿಯಿಂದ ಹಸಿರು ಇಣುಕಿದಾಗ ಅದು ಮೊಳಕೆ. ಮೂರು ನಾಲ್ಕು ವಾರಕ್ಕೆ ಗೇಣುದ್ದ ಎಲೆ ಬಂದರೆ ಸೊಪ್ಪು. ಎರಡು ತಿಂಗಳ ಹೊತ್ತಿಗೆ ಬೇರು ಸಮೇತ ಕಿತ್ತು, ಎಳೆ ಬುಡವನ್ನೂ ಎಲೆಯನ್ನೂ ಒಟ್ಟಿಗೆ ಬಳಸಿದರೆ ಅದು ಹಸಿ ಬೆಳ್ಳುಳ್ಳಿ. ಗುಜರಾತಿನಲ್ಲಿ ಚಳಿಗಾಲದ ಊಂಧಿಯೂ ಎಂಬ ತರಕಾರಿ ಅಡುಗೆಗೆ ಹಾಕುವುದು ಈ ಕೊನೆಯದನ್ನೇ. ನಮ್ಮ ಅಡುಗೆಮನೆ ಕಿಟಕಿಗೆ ಹೊಂದುವುದು ಮೊದಲ ಎರಡು.

ಪೇಪರಲ್ಲಿ ಫಂಕ್ಷನಲ್ ಫುಡ್ ಅಂತ ಓದಿದೆ. ಅದೇನು ಮಾತ್ರೆ ಥರಾನಾ?

ಅಲ್ಲ. ಹೊಟ್ಟೆ ತುಂಬಿಸುವುದರ ಜೊತೆಗೆ ಮೈಗೆ ಇನ್ನಷ್ಟು ಉಪಕಾರ ಮಾಡುವ ಆಹಾರಕ್ಕೆ ಹಾಗೆ ಹೇಳುತ್ತಾರೆ. ಈ ಮಾತು ಜಪಾನಿನಲ್ಲಿ 1980ರ ದಶಕದಲ್ಲಿ ಹುಟ್ಟಿತು. 1991ರಲ್ಲಿ ಅಲ್ಲಿನ ಸರ್ಕಾರ ಅಂಥ ಆಹಾರಗಳಿಗೆ ನಿಯಮವನ್ನೂ ಮಾಡಿತು. ಬೆಳ್ಳುಳ್ಳಿ ಮೊಳಕೆ ಈ ಗುಂಪಿಗೆ ಸೇರುತ್ತದೆ ಎಂದರೆ ಅದು ಊಟದ ಭಾಗ ಎಂದೇ ಅರ್ಥ. ದಿನವೂ ಸ್ವಲ್ಪ ಸ್ವಲ್ಪ ತಿನ್ನುವಂಥದ್ದು. ಕಾಯಿಲೆ ಬಂದ ದಿನ ಒಂದು ಹಿಡಿ ನುಂಗುವಂಥದ್ದಲ್ಲ.

ನಮ್ಮ ಮನೇಲಿ ಬೆಳ್ಳುಳ್ಳಿ ತರೋದೇ ಇಲ್ಲ. ನಮಗೇನಾದ್ರೂ ಇದೆಯಾ?

ಖಂಡಿತ ಇದೆ. ಮೆಂತ್ಯ, ಸಾಸಿವೆಗಳನ್ನು ಒಂದು ತಟ್ಟೆಯಲ್ಲಿ ಒತ್ತಾಗಿ ಬಿತ್ತಿ, ಎಳೆ ಸೊಪ್ಪಾಗಿ ಕತ್ತರಿಸಿಕೊಳ್ಳಬಹುದು. ಸಾಸಿವೆಯ ಘಾಟು ಕೂಡ ಗಂಧಕದ ಅಂಶದಿಂದಲೇ ಬರುವುದು. ಮನೆಯ ಪದ್ಧತಿ ಮುರಿಯುವ ಅಗತ್ಯವೇ ಇಲ್ಲ.

ಬೆಳೆಸುವುದು

ಬೆಳ್ಳುಳ್ಳಿ ಬೀಜ ಎಲ್ಲಿ ಸಿಗುತ್ತೆ?

ಎಸಳೇ ಬೀಜ. ನಾವು ತಿನ್ನುವ ಬೆಳ್ಳುಳ್ಳಿ ಬೀಜ ಕಟ್ಟುವುದು ಇಲ್ಲವೆನ್ನುವಷ್ಟು ಕಡಿಮೆ. ಹಾಗಾಗಿ ಎಸಳು ನೆಟ್ಟೇ ಬೆಳೆಯುತ್ತಾರೆ. ಪ್ಯಾಕೆಟ್ಟಿನಲ್ಲಿ ಕಪ್ಪು ಕಾಳು ತುಂಬಿ ಬೆಳ್ಳುಳ್ಳಿ ಬೀಜ ಎಂದು ಯಾರಾದರೂ ಮಾರಿದರೆ ದುಡ್ಡು ಕೊಡಬೇಡಿ.

ನಾಟಿ ಬೆಳ್ಳುಳ್ಳಿ ಒಳ್ಳೇದಾ, ದಪ್ಪ ಎಸಳಿನ ಊಟಿದಾ?

ಎರಡೂ ಮೊಳೆಯುತ್ತವೆ. ದಪ್ಪ ಎಸಳಲ್ಲಿ ಆಹಾರ ಜಾಸ್ತಿ ಇರುತ್ತದೆ. ಎಲೆ ಅಗಲವಾಗಿ ಬರುತ್ತದೆ, ಎರಡನೇ ಕೊಯ್ಲು ಚೆನ್ನಾಗಿ ಸಿಗುತ್ತದೆ. ನಾಟಿ ಎಸಳು ಸಣ್ಣದು, ಎಲೆಯೂ ಸಣ್ಣ. ಆದರೆ ಘಾಟು ಜಾಸ್ತಿ. ನಾನು ಹೇಳುವುದಿಷ್ಟು: ದಪ್ಪ ಎಸಳು ಸಾರಿನ ಒಗ್ಗರಣೆಗೆ ಇರಲಿ. ಗಡ್ಡೆಯ ಒಳಸುತ್ತಿನಲ್ಲಿ ಸುಲಿಯೋಕೆ ಬೇಜಾರಾಗುವಷ್ಟು ಸಣ್ಣ ಎಸಳು ಇರುತ್ತವಲ್ಲ, ಅವನ್ನು ಸೊಪ್ಪಿಗೆ ಇಡಿ. ಬೆಳ್ಳುಳ್ಳಿ ಬೆಲೆ ನಂಬುವ ಹಾಗಿಲ್ಲ. 2024ರಲ್ಲಿ ಎಷ್ಟೋ ಊರುಗಳಲ್ಲಿ ಕಿಲೋಗೆ 400 ರೂಪಾಯಿ ದಾಟಿತ್ತು. ಒಂದು ಎಸಳೂ ದಂಡ ಆಗಬಾರದು.

ಕೊಳ್ಳುವಾಗ ಗಡ್ಡೆಯ ಬುಡ ನೋಡಿ. ಬೇರು ಬರುವ ತಟ್ಟೆ ಒಣಗಿ ಗಟ್ಟಿಯಾಗಿ ಇರಬೇಕು. ಅದನ್ನು ನುಣ್ಣಗೆ ಕೆತ್ತಿ ತೆಗೆದಿದ್ದರೆ ಬೇರು ಬರುವುದು ಕಷ್ಟ.

ನೀರಲ್ಲಿ ಇಡೋದಾ, ಮಣ್ಣಲ್ಲಾ?

ಒಂದೇ ಕೊಯ್ಲು ಸಾಕು, ಬೇಗ ಬೇಕು ಅನ್ನುವವರಿಗೆ ನೀರು. ಅಗಲ ಬಾಯಿಯ ಲೋಟ ಅಥವಾ ತಟ್ಟೆಯಲ್ಲಿ ಎಸಳುಗಳನ್ನು ಚೂಪು ತುದಿ ಮೇಲೆ ಬರುವಂತೆ ಒತ್ತಾಗಿ ನಿಲ್ಲಿಸಿ. ನೀರು ಬುಡಕ್ಕೆ ಮಾತ್ರ ತಾಗಬೇಕು. ಇಲ್ಲೇ ಎಲ್ಲರೂ ಎಡವುವುದು. ಅರ್ಧ ಎಸಳು ಮುಳುಗಿದರೆ ನಾಲ್ಕು ದಿನಕ್ಕೆ ಲೋಳೆಯಾಗಿ ನಾರುತ್ತದೆ. ನೀರನ್ನು ದಿನವೂ ಬದಲಾಯಿಸಿ, ಎಸಳನ್ನೂ ತೊಳೆಯಿರಿ.

ಎರಡು ಮೂರು ಕೊಯ್ಲು ಬೇಕಾದರೆ ಮಣ್ಣು ಅಥವಾ ತೆಂಗಿನ ನಾರಿನ ಪುಡಿ. ಅರಸೀಕೆರೆ, ತಿಪಟೂರು ಕಡೆ ನಾರಿಗೇನು ಬರ. ಅರ್ಧ ನಾರಿನ ಪುಡಿ, ಕಾಲು ಕೆಂಪು ಮಣ್ಣು, ಕಾಲು ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ ಸೇರಿಸಿದರೆ ಸಾಕು. ಕಾಫಿ ಸಸಿ ಹಾಕುವ ಪಾಲಿಬ್ಯಾಗ್ ಮಿಕ್ಕಿದ್ದರೆ ಅದರಲ್ಲೇ ಬೆಳೆಸಿ. ಎಸಳಿನ ಸಿಪ್ಪೆ ಸುಲಿಯಬೇಡಿ. ತುದಿ ಮಣ್ಣಿನ ಮಟ್ಟಕ್ಕೆ ಇರಲಿ. ಎರಡು ಬೆರಳಿನ ಅಂತರ ಸಾಕು, ಏಕೆಂದರೆ ನಮಗೆ ಬೇಕಾದ್ದು ಎಲೆ, ಗಡ್ಡೆ ಅಲ್ಲ. ಹಸಿ ಗೊಬ್ಬರ ಮಾತ್ರ ಹಾಕಲೇಬೇಡಿ. ಎಳೆ ಸೊಪ್ಪನ್ನು ಹಸಿಯಾಗಿ ತಿನ್ನುವವರು ಇರುತ್ತಾರೆ.

ಮಳೆಗಾಲದಲ್ಲಿ ನಮ್ಮ ಮೂಡಿಗೆರೆ ಕಡೆ ಎಲ್ಲಾ ಕೊಳೆತೇ ಹೋಗುತ್ತೆ. ಏನ್ ಮಾಡೋದು?

ಒಂದೇ ಜಿಲ್ಲೆ ಆದರೂ ಕಡೂರಿನ ಹವೆ ಬೇರೆ, ಮೂಡಿಗೆರೆಯ ಹವೆ ಬೇರೆ. ಕಡೂರಿಗೆ ಬಯಲುಸೀಮೆಯ ಒಣ ಗಾಳಿ. ಅಲ್ಲಿ ಬೇಸಿಗೆಯ ಬಿಸಿಲೇ ತೊಂದರೆ. ಮೂಡಿಗೆರೆ, ಕೊಪ್ಪ, ಶೃಂಗೇರಿ, ಸಕಲೇಶಪುರದ ಕಡೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಟ್ಟೆಯೇ ಒಣಗಲ್ಲ, ಇನ್ನು ಬೆಳ್ಳುಳ್ಳಿ ಒಣಗಿರುತ್ತದಾ? ಅಲ್ಲಿ ಹೀಗೆ ಮಾಡಿ.

ಮೊದಲನೆಯದು, ಮಳೆ ಹಿಡಿಯುವ ಮುಂಚೆ ಗಡ್ಡೆಗಳನ್ನು ಚೆನ್ನಾಗಿ ಒಣಗಿಸಿ ಒಲೆಯ ಮೇಲಿನ ಅಟ್ಟಕ್ಕೆ ಕಟ್ಟಿ. ಹಳಬರು ಮಾಡುತ್ತಿದ್ದದ್ದು ಇದನ್ನೇ. ಹೊಗೆಯ ಬಿಸಿಗೆ ತೇವ ಸೇರುವುದಿಲ್ಲ. ಮೊಳಕೆ ಬೇಕಾದಾಗ ಬೇಕಾದಷ್ಟು ಇಳಿಸಿಕೊಳ್ಳಬಹುದು. ಎರಡನೆಯದು, ಮಳೆಗಾಲದಲ್ಲಿ ಗೊಬ್ಬರ ಬೇಡ. ಬರೀ ನಾರಿನ ಪುಡಿ ಅಥವಾ ತೊಳೆದ ಮರಳು ಸಾಕು. ಎಸಳಿನೊಳಗಿನ ಆಹಾರವೇ ಮೊದಲ ಕೊಯ್ಲಿಗೆ ಆಗುತ್ತದೆ. ಮೂರನೆಯದು, ಜಗಲಿಯಲ್ಲಿ ಗಾಳಿ ಆಡುವ ಕಡೆ ಇಡಿ, ಬಚ್ಚಲ ಪಕ್ಕ ಬೇಡ. ನೀರು ಹಾಕುವ ಮೊದಲು ಬೆರಳು ಇಳಿಸಿ ನೋಡಿ. ತೇವ ಇದ್ದರೆ ಆ ದಿನ ಬಿಡಿ.

ಬಿಸಿಲೇ ಇಲ್ಲದ ವಾರಗಳಲ್ಲಿ ಎಲೆ ಹಳದಿಯಾಗಿ ಉದ್ದುದ್ದ ಬರುತ್ತದೆ. ತಿನ್ನಲು ತೊಂದರೆ ಇಲ್ಲ, ರುಚಿ ಸೌಮ್ಯ. ಆದರೆ ಹಸಿರಿನ ಪೋಷಕಾಂಶ ಕಡಿಮೆ. ಕಿಟಕಿಯ ಬೆಳಕು ಸಾಲದಿದ್ದರೆ ಒಂದು ಎಲ್‌ಇಡಿ ಬಲ್ಬಿನ ಕೆಳಗೆ ಇಡಿ.

ಈ ಕೆಲಸಕ್ಕೆ ನಮ್ಮ ಹಾಸನ, ಚಿಕ್ಕಮಗಳೂರು ಎರಡೂ ಜಿಲ್ಲೆಗಳಲ್ಲಿ ಒಳ್ಳೆಯ ಕಾಲ ನವೆಂಬರ್‌ನಿಂದ ಫೆಬ್ರವರಿ. ಚಳಿಗೆ ಬೆಳ್ಳುಳ್ಳಿ ತಾನಾಗಿ ಏಳುತ್ತದೆ, ಬೂಷ್ಟಿನ ಕಾಟ ಕಡಿಮೆ.

ಹದಿನೈದು ದಿನ ಆಯ್ತು, ಎಸಳು ಅಲ್ಲಾಡಿಲ್ಲ. ಸತ್ತಿದೆಯಾ?

ಬಹುಶಃ ಮಲಗಿದೆ. ಹೊಸದಾಗಿ ಕಿತ್ತ ಬೆಳ್ಳುಳ್ಳಿ ಕೆಲವು ವಾರ ಮೊಳೆಯುವುದಿಲ್ಲ. ಫೆಬ್ರವರಿಯಿಂದ ಏಪ್ರಿಲ್‌ವರೆಗೆ ಹೊಸ ಫಸಲು ಬರುವ ಕಾಲ, ಆಗ ಈ ದೂರು ಜಾಸ್ತಿ. ಗಡ್ಡೆಯನ್ನು ಕಾಗದದಲ್ಲಿ ಸುತ್ತಿ ಎರಡು ಮೂರು ವಾರ ಫ್ರಿಜ್ಜಿನ ಕೆಳಗಿನ ಖಾನೆಯಲ್ಲಿಟ್ಟು ತೆಗೆಯಿರಿ. ಚಳಿಗಾಲ ಮುಗಿಯಿತು ಎಂದುಕೊಂಡು ಏಳುತ್ತದೆ. ಫ್ರಿಜ್ಜಿನಲ್ಲಿಟ್ಟ ಬೆಳ್ಳುಳ್ಳಿ ಬೇಗ ಮೊಳೆಯುವುದಕ್ಕೂ ಇದೇ ಕಾರಣ.

ಅದಕ್ಕೂ ಏಳದಿದ್ದರೆ ಅದನ್ನು ಮೊಳೆಯದ ಹಾಗೆ ವಿಕಿರಣಕ್ಕೆ ಒಡ್ಡಿರಬಹುದು. ಆಲೂಗಡ್ಡೆ, ಈರುಳ್ಳಿ, ಬೆಳ್ಳುಳ್ಳಿಗೆ ಹಾಗೆ ಮಾಡಲು ನಮ್ಮ ದೇಶದಲ್ಲಿ ಅನುಮತಿ ಇದೆ. ತಿನ್ನಲು ಅಪಾಯವಿಲ್ಲ, ನೆಡಲು ಮಾತ್ರ ಬರುವುದಿಲ್ಲ. ಅಡುಗೆಗೆ ಬಳಸಿಬಿಡಿ.

ಒಂದೇ ಎಸಳನ್ನ ಎಷ್ಟು ಸಲ ಕತ್ತರಿಸಬಹುದು?

ನೀರಿನಲ್ಲಿ ಒಂದು, ಹೆಚ್ಚೆಂದರೆ ಎರಡು. ಮಣ್ಣಿನಲ್ಲಿ ಎರಡರಿಂದ ಮೂರು. ಎಲೆ ಗೇಣುದ್ದ ಬಂದಾಗ, ಎಸಳಿನಿಂದ ಎರಡು ಬೆರಳು ಮೇಲಕ್ಕೆ ಕತ್ತರಿಸಿ. ಪ್ರತಿ ಸಲವೂ ಎಲೆ ಸಣ್ಣ ಆಗುತ್ತಾ ಹೋಗುತ್ತದೆ. ಕೊನೆಗೆ ಉಳಿಯುವ ಬಸಿದ ಎಸಳು ಗೊಬ್ಬರದ ಗುಂಡಿಗೆ. ವಾರಕ್ಕೊಂದು ಸಾಲು ನೆಟ್ಟರೆ ವರ್ಷದ ತಂಪು ತಿಂಗಳುಗಳಲ್ಲಿ ಮನೆಗೆ ಬೇಕಾದಷ್ಟು ಸಿಗುತ್ತಲೇ ಇರುತ್ತದೆ.

ಎಸಳಿನ ಮೇಲೆ ಕಪ್ಪು ಪುಡಿ ಇದೆ. ತೊಳೆದು ಹಾಕಬಹುದಾ?

ಹೊರಗಿನ ಒಣ ಸಿಪ್ಪೆಯ ಮೇಲೆ ಮಾತ್ರ ಸ್ವಲ್ಪ ಇದ್ದು, ಒಳಗೆ ಎಸಳು ಗಟ್ಟಿಯಾಗಿ ಬೆಳ್ಳಗಿದ್ದರೆ ಸಿಪ್ಪೆ ತೆಗೆದು ತೊಳೆದು ಅಡುಗೆಗೆ ಬಳಸಬಹುದು. ಮೊಳಕೆಗೆ ಇಡಬೇಡಿ. ತೇವಕ್ಕೆ ಬೂಷ್ಟು ತಟ್ಟೆಗೆಲ್ಲ ಹರಡುತ್ತದೆ. ಎಸಳಿನೊಳಗೇ ಕಪ್ಪು ಅಥವಾ ನೀಲಿ ಹಸಿರು ಬೂಷ್ಟು ಇದ್ದರೆ ಪೂರ್ತಿ ಬಿಸಾಡಿ. ಅಷ್ಟು ಭಾಗ ಕೆತ್ತಿ ಉಳಿದದ್ದು ಬಳಸುವುದು ಬೇಡ.

ಅಡುಗೆಮನೆಯಲ್ಲಿ

ಅಕ್ಕಾ, ಸೊಪ್ಪು ಬಂತು. ಈಗ ಯಾವುದಕ್ಕೆ ಹಾಕಲಿ?

ಎಲ್ಲಕ್ಕಿಂತ ಮೊದಲು ಅಕ್ಕಿ ರೊಟ್ಟಿಗೆ. ಸಣ್ಣಗೆ ಹೆಚ್ಚಿದ ಬೆಳ್ಳುಳ್ಳಿ ಸೊಪ್ಪು, ಕಾಯಿತುರಿ, ಜೀರಿಗೆ, ಹಸಿಮೆಣಸು ಹಿಟ್ಟಿನಲ್ಲೇ ಕಲಸಿ ತಟ್ಟಿ. ರೊಟ್ಟಿ ಬೇಯುವಾಗಲೇ ಪಕ್ಕದ ಮನೆಗೆ ಗೊತ್ತಾಗುತ್ತದೆ. ಉಪ್ಸಾರಿನ ಖಾರಕ್ಕೆ ಎಸಳಿನ ಜೊತೆ ನಾಲ್ಕು ಎಲೆ ಸೇರಿಸಿ ಅರೆದರೆ ಖಾರಕ್ಕೆ ಹಸಿರು ಬಣ್ಣ, ಹೊಸ ಘಮ. ಮುದ್ದೆ ಜೊತೆ ಅದನ್ನು ತಿಂದವರು ಮತ್ತೆ ಕೇಳುತ್ತಾರೆ. ಹುರುಳಿ ಸಾರು ಇಳಿಸಿದ ಮೇಲೆ ಒಂದು ಹಿಡಿ ಉದುರಿಸಿ ಮುಚ್ಚಿಡಿ. ಡಿಸೆಂಬರ್, ಜನವರಿಯಲ್ಲಿ ಸೊಗಡಿನ ಅವರೆ ಬರುವ ಹೊತ್ತಿಗೇ ಬೆಳ್ಳುಳ್ಳಿ ಸೊಪ್ಪೂ ಜೋರಾಗಿರುತ್ತದೆ. ಅವೆರಡೂ ಒಂದೇ ಸಾರಿನಲ್ಲಿ ಸೇರಬೇಕು ಎಂಬುದು ನನ್ನ ಹಠ.

ಮಲೆನಾಡಿನವರು ತಂಬುಳಿ ಮಾಡಿ. ಸೊಪ್ಪನ್ನು ತುಪ್ಪದಲ್ಲಿ ಒಂದು ಕ್ಷಣ ಬಾಡಿಸಿ, ಕಾಯಿ, ಜೀರಿಗೆ, ಒಂದೆರಡು ಕಾಳುಮೆಣಸಿನ ಜೊತೆ ಅರೆದು ಮಜ್ಜಿಗೆಗೆ ಬೆರೆಸಿ. ಮೊಟ್ಟೆ ತಿನ್ನುವವರಿಗೆ ಆಮ್ಲೆಟ್ಟಿಗಿಂತ ಸುಲಭದ ದಾರಿ ಇಲ್ಲ. ಮಕ್ಕಳು ಎಸಳನ್ನು ಪಕ್ಕಕ್ಕೆ ಎತ್ತಿಡುತ್ತಾರೆ, ಎಲೆಯನ್ನು ಕೊತ್ತಂಬರಿ ಎಂದುಕೊಂಡು ತಿನ್ನುತ್ತಾರೆ.

ಬೇಯಿಸಿದ್ರೆ ಗುಣವೆಲ್ಲ ಹೋಗಲ್ವಾ?

ಸ್ವಲ್ಪ ಹೋಗುತ್ತದೆ, ಎಲ್ಲವೂ ಅಲ್ಲ. ಬೆಳ್ಳುಳ್ಳಿಯಲ್ಲಿ ಅಲ್ಲಿಯಿನ್ ಎಂಬ ಗಂಧಕದ ಅಂಶ ಒಂದು ಕಡೆ, ಅಲ್ಲಿನೇಸ್ ಎಂಬ ಕಿಣ್ವ ಇನ್ನೊಂದು ಕಡೆ ಇರುತ್ತವೆ. ಜಜ್ಜಿದಾಗ, ಹೆಚ್ಚಿದಾಗ ಎರಡೂ ಸೇರಿ ಅಲ್ಲಿಸಿನ್ ಹುಟ್ಟುತ್ತದೆ. ಆ ಘಾಟು ಅದರದ್ದೇ. ಇಡೀ ಎಸಳನ್ನು ಹಾಗೇ ಕುದಿಯುವ ಸಾರಿಗೆ ಹಾಕಿದರೆ ಬಿಸಿಗೆ ಕಿಣ್ವ ಮೊದಲೇ ಸತ್ತುಹೋಗುತ್ತದೆ, ಅಲ್ಲಿಸಿನ್ ಹುಟ್ಟುವುದೇ ಇಲ್ಲ. ಅದಕ್ಕೆ ಜಜ್ಜಿ ಅಥವಾ ಹೆಚ್ಚಿ 10 ನಿಮಿಷ ಬಿಟ್ಟು ಆಮೇಲೆ ಒಲೆಗೆ ಹಾಕಿ. ಎಲೆಯಾದರೆ ಕೊನೆಯಲ್ಲಿ ಹಾಕಿ ಇಳಿಸಿ. ವಿಟಮಿನ್ ಸಿ ಕೂಡ ಆಗ ಜಾಸ್ತಿ ಉಳಿಯುತ್ತದೆ.

ಮೊಳೆತ ಎಸಳು ಅರೆದು ನಿಂಬೆರಸ ಹಿಂಡಿದೆ, ನೀಲಿ ಆಯ್ತು! ಕೆಟ್ಟಿದೆಯಾ?

ಕೆಟ್ಟಿಲ್ಲ. ಗಂಧಕದ ಅಂಶಗಳು ಹುಳಿಯ ಜೊತೆ ಸೇರಿ ಹಸಿರು, ನೀಲಿ ಬಣ್ಣ ಕೊಡುತ್ತವೆ. ತಣ್ಣಗೆ ಇಟ್ಟ ಬೆಳ್ಳುಳ್ಳಿಯಲ್ಲಿ ಇದು ಜಾಸ್ತಿ. ಧೈರ್ಯವಾಗಿ ತಿನ್ನಿ.

ಎಣ್ಣೆಯಲ್ಲಿ ಹಾಕಿ ಬಾಟಲಿಯಲ್ಲಿ ಇಟ್ಟುಕೊಳ್ಳಬಹುದಾ?

ಹೊರಗೆ ಇಡಲೇಬೇಡಿ. ಹಸಿ ಬೆಳ್ಳುಳ್ಳಿ ಎಣ್ಣೆಯಲ್ಲಿ ಮುಳುಗಿದರೆ ಗಾಳಿ ಸಿಗುವುದಿಲ್ಲ. ಅಂಥ ಕಡೆ ಬಾಟುಲಿಸಂ ಎಂಬ ಕಾಯಿಲೆ ತರುವ ವಿಷ ಹುಟ್ಟಬಹುದು. ಅದಕ್ಕೆ ವಾಸನೆಯೂ ಇಲ್ಲ, ರುಚಿಯೂ ಇಲ್ಲ. ಮಾಡಿದರೆ ಫ್ರಿಜ್ಜಿನಲ್ಲಿಟ್ಟು ನಾಲ್ಕು ದಿನದೊಳಗೆ ಮುಗಿಸಿ. ಸಾಕಷ್ಟು ಉಪ್ಪು, ಹುಳಿ ಹಾಕಿದ ಉಪ್ಪಿನಕಾಯಿಯ ಲೆಕ್ಕ ಬೇರೆ. ಸೊಪ್ಪನ್ನಾದರೆ ತೊಳೆದು, ನೀರು ಆರಿಸಿ, ಬಟ್ಟೆಯಲ್ಲಿ ಸುತ್ತಿ ಫ್ರಿಜ್ಜಿನಲ್ಲಿಟ್ಟರೆ ನಾಲ್ಕೈದು ದಿನ ಚೆನ್ನಾಗಿರುತ್ತದೆ.

ಆರೋಗ್ಯದ ಪ್ರಶ್ನೆಗಳು

ಮೊಳಕೆ ಬಂದದ್ದರಲ್ಲಿ ನಿಜವಾಗ್ಲೂ ಏನು ಜಾಸ್ತಿ ಇದೆ?

2014ರಲ್ಲಿ ದಕ್ಷಿಣ ಕೊರಿಯಾದ ವಿಜ್ಞಾನಿಗಳು ಇದನ್ನು ಪರೀಕ್ಷಿಸಿ ಒಂದು ಲೇಖನ ಪ್ರಕಟಿಸಿದರು. ಐದು ದಿನ ಮೊಳೆತ ಬೆಳ್ಳುಳ್ಳಿಯ ಸಾರದಲ್ಲಿ ಆಂಟಿಆಕ್ಸಿಡೆಂಟ್ ಶಕ್ತಿ, ಅಂದರೆ ಜೀವಕೋಶ ಹಾಳಾಗದಂತೆ ತಡೆಯುವ ಶಕ್ತಿ, ಮೊಳೆಯದ ಬೆಳ್ಳುಳ್ಳಿಗಿಂತ ಹೆಚ್ಚು ಕಂಡಿತು. ಮೊಳೆಯುವಾಗ ಎಳೆ ಗಿಡ ತನ್ನನ್ನು ಕಾಪಾಡಿಕೊಳ್ಳಲು ಹೊಸ ಹೊಸ ಅಂಶಗಳನ್ನು ತಯಾರಿಸುತ್ತದೆ, ಅದರ ಫಲ ಇದು. ಆದರೆ ಇದು ಪ್ರಯೋಗಾಲಯದಲ್ಲಿ ನೋಡಿದ್ದು, ಜನರಿಗೆ ತಿನ್ನಿಸಿ ನೋಡಿದ್ದಲ್ಲ. ಈ ಸುದ್ದಿ ಹೇಳುವವರು ಈ ಕೊನೆಯ ಮಾತನ್ನು ಬಿಟ್ಟುಬಿಡುತ್ತಾರೆ.

ಎಲೆಯ ಲಾಭ ಇನ್ನೂ ಸರಳ. ಬಿಳಿ ಎಸಳಿನಲ್ಲಿ ಇಲ್ಲವೆನ್ನುವಷ್ಟು ಕಡಿಮೆ ಇರುವ, ಮೈಯೊಳಗೆ ವಿಟಮಿನ್ ಎ ಆಗುವ ಬೀಟಾ ಕ್ಯಾರೊಟಿನ್ ಹಸಿರು ಎಲೆಯಲ್ಲಿ ಸಿಗುತ್ತದೆ. ವಿಟಮಿನ್ ಸಿ, ವಿಟಮಿನ್ ಕೆ ಸಿಗುತ್ತವೆ. ಎಸಳನ್ನು ಒಂದೆರಡಕ್ಕಿಂತ ಜಾಸ್ತಿ ತಿನ್ನಲು ಆಗಲ್ಲ, ಎಲೆಯನ್ನು ಒಂದು ಹಿಡಿ ತಿನ್ನಬಹುದು. ನನ್ನ ಪ್ರಕಾರ ಇದೇ ದೊಡ್ಡ ವಿಷಯ.

ದಿನಾ ತಿಂದ್ರೆ ಬಿಪಿ ಮಾತ್ರೆ ಬಿಡಬಹುದಾ?

ಬಿಡಬಾರದು. ಬೆಳ್ಳುಳ್ಳಿಯಿಂದ ಬಿಪಿ, ಕೊಲೆಸ್ಟ್ರಾಲ್ ಸ್ವಲ್ಪ ಇಳಿದದ್ದು ಕೆಲವು ಅಧ್ಯಯನಗಳಲ್ಲಿ ಕಂಡಿದೆ. ಅವುಗಳಲ್ಲಿ ಹೆಚ್ಚಿನವು ಅಳತೆ ಮಾಡಿದ ಪುಡಿ, ಸಾರದ ಮಾತ್ರೆ ಕೊಟ್ಟು ಮಾಡಿದವು. ನಮ್ಮ ಕಿಟಕಿಯ ಸೊಪ್ಪಿಗೆ ಆ ಲೆಕ್ಕ ಹೊಂದುವುದಿಲ್ಲ. ಮಾತ್ರೆ ಇರಲಿ, ಸೊಪ್ಪೂ ಇರಲಿ, ಸಾರಿಗೆ ಉಪ್ಪು ಕಡಿಮೆ ಇರಲಿ.

ಯಾರು ಹುಷಾರಾಗಿರಬೇಕು?

ರಕ್ತ ಹೆಪ್ಪುಗಟ್ಟದಂತೆ ವಾರ್ಫರಿನ್, ಆಸ್ಪಿರಿನ್ ತರಹದ ಮಾತ್ರೆ ತೆಗೆದುಕೊಳ್ಳುವವರು. ಬೆಳ್ಳುಳ್ಳಿಗೂ ರಕ್ತ ತೆಳುವಾಗಿಸುವ ಗುಣ ಇದೆ. ಹಸಿರು ಸೊಪ್ಪಿನ ವಿಟಮಿನ್ ಕೆ ವಾರ್ಫರಿನ್‌ಗೆ ಅಡ್ಡ ಬರುತ್ತದೆ. ಇದ್ದಕ್ಕಿದ್ದಂತೆ ಜಾಸ್ತಿ ಮಾಡಬೇಡಿ, ಡಾಕ್ಟರಿಗೆ ಹೇಳಿ. ಆಪರೇಷನ್ ಇದ್ದರೂ ಮೊದಲೇ ಹೇಳಿ. ಎದೆಯುರಿ, ಹೊಟ್ಟೆಯುಬ್ಬರ ಇರುವವರು ಹಸಿಯಾಗಿ ತಿನ್ನಬೇಡಿ, ಬೇಯಿಸಿ ಸ್ವಲ್ಪ ತಿನ್ನಿ. ನೀರಿನಲ್ಲಿ ಬೆಳೆಸಿದ್ದನ್ನು ವಯಸ್ಸಾದವರಿಗೆ, ಗರ್ಭಿಣಿಯರಿಗೆ ಬೇಯಿಸಿಯೇ ಕೊಡಿ.

ಇನ್ನೊಂದು ಮಾತು. ಜಜ್ಜಿದ ಹಸಿ ಬೆಳ್ಳುಳ್ಳಿಯನ್ನು ಗಾಯಕ್ಕೆ, ಮಗುವಿನ ಎದೆಗೆ, ಪಾದಕ್ಕೆ ಕಟ್ಟಬೇಡಿ. ಚರ್ಮ ಸುಟ್ಟು ಬೊಬ್ಬೆ ಏಳುತ್ತದೆ.

ಬಾಣಂತಿಗೆ ಕೊಡಬಹುದಾ? ಹಾಲು ವಾಸನೆ ಆಗಲ್ವಾ?

ನಮ್ಮ ಬಾಣಂತಿ ಊಟದಲ್ಲಿ ಬೆಳ್ಳುಳ್ಳಿ ಮೊದಲಿನಿಂದಲೂ ಇದೆ. ಊಟದ ಅಳತೆಯಲ್ಲಿ ತೊಂದರೆ ಇಲ್ಲ. ವಾಸನೆ ಹಾಲಿಗೆ ಬರುವುದು ನಿಜ. 1991ರಲ್ಲಿ ಅಮೆರಿಕದಲ್ಲಿ ಪರೀಕ್ಷಿಸಿದಾಗ, ತಾಯಿ ಬೆಳ್ಳುಳ್ಳಿ ತಿಂದಾಗ ಮಕ್ಕಳು ಹಾಲು ಬಿಡಲಿಲ್ಲ, ಬದಲಿಗೆ ಇನ್ನಷ್ಟು ಹೊತ್ತು ಕುಡಿದವು. ಯಾವುದಾದರೂ ಮಗುವಿಗೆ ಒಗ್ಗದೆ ರಚ್ಚೆ ಹಿಡಿದರೆ ಕೆಲವು ದಿನ ನಿಲ್ಲಿಸಿ ನೋಡಿ.

ಮಿಕ್ಕಿದ್ದು ನಾಯಿಗೆ, ಹಸುವಿಗೆ ಹಾಕಬಹುದಾ?

ನಾಯಿ, ಬೆಕ್ಕಿಗೆ ಬೇಡವೇ ಬೇಡ. ಬೆಳ್ಳುಳ್ಳಿ, ಈರುಳ್ಳಿ ಅವುಗಳ ರಕ್ತಕಣ ಒಡೆಯುತ್ತವೆ. ಹಸುವಿಗೂ ಬುಟ್ಟಿಗಟ್ಟಲೆ ಹಾಕುವುದು ಅಪಾಯ, ಹಾಲಿಗೂ ವಾಸನೆ. ಗೊಬ್ಬರದ ಗುಂಡಿಗೇ ಹೋಗಲಿ.

ಜಾಸ್ತಿ ಬೆಳೆಯುವವರಿಗೆ

ಕಾಫಿ ತೋಟದ ನೆರಳಲ್ಲಿ ಬೆಳೆಯಬಹುದಾ?

ಗಿಡದ ಬುಡದಲ್ಲಿ ಬೇಡ. ನೆರಳು ಜಾಸ್ತಿ, ತೇವ ಜಾಸ್ತಿ, ಕಾಫಿಯ ಬೇರೂ ಮೇಲೇ ಇರುತ್ತದೆ. ಕಣದ ಅಂಚು, ನರ್ಸರಿಯ ಚಪ್ಪರ ಸರಿಯಾದ ಜಾಗ. ಕಾಫಿ ಸಿಪ್ಪೆಯನ್ನು ಪೂರ್ತಿ ಕಳಿತ ಮೇಲೆ ಮಾತ್ರ ಬಳಸಿ. ಮಂಗಗಳು ತಿನ್ನದಿದ್ದರೂ ಕಿತ್ತು ನೋಡುತ್ತವೆ, ಕೋಳಿ ಕೆದಕುತ್ತದೆ. ಮೇಲೊಂದು ಬಲೆ ಇರಲಿ.

ಸೊಪ್ಪಿನ ಬದಲು ಗಡ್ಡೆಯೇ ಬೇಕಂದ್ರೆ?

ಅದು ಬೇರೆ ಬೆಳೆ. ಮಳೆ ಹಿಂದೆ ಸರಿದ ಮೇಲೆ, ಅಕ್ಟೋಬರ್, ನವೆಂಬರ್‌ನಲ್ಲಿ ದಪ್ಪ ಎಸಳು ಆರಿಸಿ ನೆಡಬೇಕು. ಎಕರೆಗೆ ಸುಮಾರು 200 ಕಿಲೋ ಎಸಳು ಬೇಕು. ಸುಮಾರು ನಾಲ್ಕು ತಿಂಗಳ ಬೆಳೆ. ಕೊನೆಯ ವಾರಗಳಲ್ಲಿ ನೆಲ ಒಣಗಿರಬೇಕು. ಕಡೂರು, ಅರಸೀಕೆರೆ ಕಡೆ ಇದು ಸುಲಭ. ನೆನಪಿಡಿ, ಸೊಪ್ಪು ಕತ್ತರಿಸಿದ ಗಿಡದಿಂದ ಒಳ್ಳೆಯ ಗಡ್ಡೆ ಸಿಗುವುದಿಲ್ಲ. ಎಲೆಯೇ ಗಡ್ಡೆಗೆ ಆಹಾರ ಕಟ್ಟಿಕೊಡುವುದು. ತಳಿ, ನೆಲದ ವಿಚಾರಕ್ಕೆ ಹಾಸನದವರು ಕಂದಲಿಯ ಕೃಷಿ ವಿಜ್ಞಾನ ಕೇಂದ್ರ, ಚಿಕ್ಕಮಗಳೂರಿನವರು ಮೂಡಿಗೆರೆಯ ಕೇಂದ್ರದಲ್ಲಿ ಕೇಳಿ.

ಹೋಂಸ್ಟೇಗಳಿಗೆ ಮಾರಿದ್ರೆ ಗಿಟ್ಟುತ್ತಾ?

ಖರ್ಚಿನಲ್ಲಿ ದೊಡ್ಡ ಪಾಲು ಎಸಳಿನದ್ದೇ. ಬೆಳ್ಳುಳ್ಳಿ ಬೆಲೆ ಏರಿದ ವರ್ಷ ಗಿಟ್ಟುವುದಿಲ್ಲ. ಇಳಿದಾಗ ಸಣ್ಣ ಎಸಳಿನ ಮಾಲನ್ನು ಮೂಟೆಯ ಲೆಕ್ಕದಲ್ಲಿ ಕೊಂಡರೆ ದಾರಿ ಇದೆ. ಸಕಲೇಶಪುರ, ಚಿಕ್ಕಮಗಳೂರಿನ ಹೋಂಸ್ಟೇ, ರೆಸಾರ್ಟ್‌ಗಳಿಗೆ ಬೇಕಾದ್ದು ವಾರಾಂತ್ಯಕ್ಕೆ, ತಾಜಾ, ಒಂದೇ ಅಳತೆಯದ್ದು. ಅದಕ್ಕೆ ಮೊದಲು ಅಡುಗೆಯವರ ಹತ್ತಿರ ಮಾತಾಡಿ ಎಷ್ಟು ಕಟ್ಟು ಬೇಕೆಂದು ಕೇಳಿ, ಶುಕ್ರವಾರ ಕೊಯ್ಲಿಗೆ ಬರುವಂತೆ ಹಿಂದಕ್ಕೆ ಎಣಿಸಿ ನೆಡಿ. ಚಳಿಗಾಲದಲ್ಲಾದರೆ ಕೊಯ್ಲಿಗೆ ಮೂರು ನಾಲ್ಕು ವಾರ ಮುಂಚೆ ನೆಟ್ಟರೆ ಸರಿ. ಪ್ಯಾಕ್ ಮಾಡಿ ಅಂಗಡಿಗೆ ಕೊಡುವುದಾದರೆ ಆಹಾರ ಸುರಕ್ಷತೆ ನೋಡಿಕೊಳ್ಳುವ ಸರ್ಕಾರಿ ಸಂಸ್ಥೆ ಎಫ್‌ಎಸ್‌ಎಸ್‌ಎಐಯ ನೋಂದಣಿಯ ನಿಯಮ ವಿಚಾರಿಸಿಕೊಳ್ಳಿ. ಲೇಬಲ್ ಮೇಲೆ ಸಕ್ಕರೆ ಕಾಯಿಲೆಗೆ, ಕ್ಯಾನ್ಸರಿಗೆ ಮದ್ದು ಎಂದು ಬರೆಯುವಂತಿಲ್ಲ. ಆಹಾರಕ್ಕೆ ಹಾಗೆ ಹೇಳಿ ಮಾರುವುದನ್ನು ಕಾನೂನು ಒಪ್ಪುವುದಿಲ್ಲ. ಕೊಯ್ದ ದಿನ, ತೊಳೆದು ಬಳಸಿ ಎಂಬ ಸೂಚನೆ, ನಿಮ್ಮ ಊರಿನ ಹೆಸರು ಬರೆಯಿರಿ.